ಧಾರವಾಡಕ್ಕೆ ಹೋಗುವ ದಾರಿ

ಒಬ್ಬನ ಮಾತು ತುಸು ಹದತಪ್ಪಿದರೆ, 'ಇವನನ್ನು ಧಾರವಾಡಕ್ಕೆ ಕಳಿಸಬೇಕು' ಎಂದು ನಗೆಯಾಡುವ ರೂಢಿ ಘಟ್ಟದ ಮೇಲೂ ಕೆಳಗೂ ಉಂಟು. ಧಾರವಾಡ ಕವಿಗಳ ಊರು, ವಿದ್ಯೆಯ ಊರು, ಪೇಡೆಯ ಊರು. ಆದರೆ ಈ ನಗೆಮಾತಿನ ಧಾರವಾಡವೇ ಬೇರೆ. ಅದು 1845ರಲ್ಲಿ ಅಲ್ಲಿ ಸ್ಥಾಪನೆಗೊಂಡು, ಎಷ್ಟು ಸಲ ಹೆಸರು ಬದಲಾದರೂ ಜನರ ಬಾಯಲ್ಲಿ ಹುಚ್ಚಾಸ್ಪತ್ರೆಯೆಂದೇ ಉಳಿದುಕೊಂಡ ಸಂಸ್ಥೆ. ಬೆಂಗಳೂರಿನ ಕಡೆ ಇದೇ ನಗೆಮಾತಿಗೆ ನಿಮ್ಹಾನ್ಸ್ ಎಂಬ ಹೆಸರು ಬಂದು ಕುಳಿತಿದೆ. ಊರು ಯಾವುದಾದರೂ ಇರಲಿ, ಕ್ರಿಯಾಪದವನ್ನು ಮಾತ್ರ ಗಮನಿಸಬೇಕು: 'ಕಳಿಸಬೇಕು'. ಜ್ವರ ಬಂದವನನ್ನು ಡಾಕ್ಟರಿಗೆ ತೋರಿಸುತ್ತೇವೆ. ಮನಸ್ಸು ಕೆಟ್ಟವನನ್ನು ಕಳಿಸುತ್ತೇವೆ. ಈ ದೂರ ಹೇಗೆ ಹುಟ್ಟಿತು, ಅದನ್ನು ತಗ್ಗಿಸಲು ಯಾರು ಯಾರು ಹೆಣಗಿದರು, ಮುಖವನ್ನೂ ದನಿಯನ್ನೂ ಗಾಳಿಯಲ್ಲಿ ಸಾಗಿಸುವ ಯಂತ್ರಗಳು ಬಂದಮೇಲೆ ಅದು ನಿಜವಾಗಿ ಎಷ್ಟು ತಗ್ಗಿದೆ ಎಂಬುದನ್ನು ಅಘನಾಶಿನಿಯ ದಡದಿಂದ ನೋಡುವುದು ಇಂದಿನ ಈ ಮಾತುಗಳ ಉದ್ದೇಶ.

ಕುಮಟೆ, ಹೊನ್ನಾವರ, ಭಟ್ಕಳ ಈ ಮೂರು ತಾಲ್ಲೂಕುಗಳು ಘಟ್ಟಕ್ಕೂ ಕಡಲಿಗೂ ನಡುವಿನ ಇಕ್ಕಟ್ಟಾದ ನೆಲ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸು ಪ್ರಾಂತದಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಅದರ ಹಿಂದೆ ಹತ್ತಿಯ ವ್ಯಾಪಾರಿಗಳ ಒತ್ತಾಯವಿತ್ತು. ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ದೇವಿಮನೆ ಘಟ್ಟವಿಳಿದು ಕುಮಟೆಯ ಬಂದರಿಗೆ ಬರುತ್ತಿತ್ತು. ಅಲ್ಲಿಂದ ಮುಂಬಯಿಗೆ, ಮುಂಬಯಿಯಿಂದ ವಿಲಾಯತಿಗೆ. ಒಂದು ಎಳೆ ಹತ್ತಿಯನ್ನೂ ಬೆಳೆಯದ ಕುಮಟೆಯ ಹೆಸರು ಒಂದು ಬಗೆಯ ಹತ್ತಿಗೆ ಅಂಟಿಕೊಂಡದ್ದು ಹೀಗೆ. ಹತ್ತಿ ಇಳಿದ ಆ ದಾರಿಯಲ್ಲೇ, ಎದುರು ದಿಕ್ಕಿನಲ್ಲಿ, ಇನ್ನೊಂದು ಸಾಗಣೆಗೂ ಕಾನೂನು ಅನುವು ಮಾಡಿಕೊಟ್ಟಿತ್ತು. 1858ರ ಕಾಯಿದೆಯ ಪ್ರಕಾರ, ಬೀದಿಯಲ್ಲಿ ಅಲೆಯುವ ಅಥವಾ ಅಪಾಯಕಾರಿಯೆಂದು ಕಂಡ ಮತಿವಿಕಲನನ್ನು ಪೊಲೀಸರು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬಹುದಾಗಿತ್ತು. ವೈದ್ಯನ ಪ್ರಮಾಣಪತ್ರ ದೊರೆತರೆ ಮ್ಯಾಜಿಸ್ಟ್ರೇಟರ ಆಜ್ಞೆಯ ಮೇಲೆ ಅವನು ಆಸ್ಪತ್ರೆಗೆ. ಈ ಕರಾವಳಿಗೆ ಹತ್ತಿರದ ಅಂಥ ಆಸ್ಪತ್ರೆ ಧಾರವಾಡದ್ದು. ಶಿರಸಿ, ಹುಬ್ಬಳ್ಳಿಗಳ ಮೇಲೆ ಹೋದರೆ ಕುಮಟೆಯಿಂದ ನೂರೈವತ್ತು ಕಿಲೋಮೀಟರಿಗೂ ಮಿಕ್ಕ ಹಾದಿ. ಅಂದಿನ ಗಾಡಿಯ ಲೆಕ್ಕದಲ್ಲಿ ಅದು ದಿನಗಟ್ಟಲೆಯ ಪ್ರಯಾಣ, ಮಳೆಗಾಲದಲ್ಲಂತೂ ಕೇಳುವುದೇ ಬೇಡ.

ಬಿಡುಗಡೆಯ ವಿಧಿಯೂ ಆ ಕಾಯಿದೆಯಲ್ಲಿ ಇಲ್ಲದಿರಲಿಲ್ಲ. ಆದರೆ ಬಿಡುಗಡೆ ಹೊಂದಿದವನು ಘಟ್ಟವಿಳಿದು ತನ್ನ ಕೇರಿಗೆ ಬಂದಮೇಲೆ ಯಾರ ಜೊತೆ ಉಣ್ಣಬೇಕು, ಯಾವ ಕೆಲಸಕ್ಕೆ ಹೋಗಬೇಕು, ನಿದ್ದೆ ಮತ್ತೆ ಕೆಟ್ಟರೆ ಯಾರಿಗೆ ಹೇಳಬೇಕು ಎಂಬ ಪ್ರಶ್ನೆಗಳು ಕಾಯಿದೆಯವಾಗಿರಲಿಲ್ಲ. 1912ರ ಕಾಯಿದೆ ಈ ಕ್ರಮವನ್ನೇ ಮುಂದುವರಿಸಿತು. ಅದರ ಜಾಗಕ್ಕೆ ಹೊಸದೊಂದು ಬರಲು 1987ರವರೆಗೆ ಕಾಯಬೇಕಾಯಿತು.

ನಿಜಕ್ಕೂ ಆಸ್ಪತ್ರೆಯ ಮೆಟ್ಟಿಲು ಹತ್ತಿದವರು ಕೆಲವರೇ. ಮಿಕ್ಕವರು ಮನೆಯಲ್ಲೇ ಉಳಿದರು. ದೇವರ ಮುಂದೆ ಪ್ರಶ್ನೆ ಕೇಳುವುದು, ಗಾಳಿ ಬಿಡಿಸುವುದು, ದರ್ಗಾದಲ್ಲಿ ಹರಕೆ ಹೊರುವುದು ಇವೆಲ್ಲ ನಡೆದವು. ಇವನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ಆದರೆ ಅಲ್ಲಿ ರೋಗಿಯ ಜೊತೆಗೆ ಮನೆಮಂದಿಯೂ ಹೋಗಿ ಕೂರುತ್ತಿದ್ದರು ಎಂಬುದನ್ನು ಮರೆಯಲಾಗದು. ಅದೇ ಉಸಿರಿನಲ್ಲಿ ಇನ್ನೊಂದನ್ನೂ ಹೇಳಲೇಬೇಕು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾಕ್ಕೆ ಬಂದ ರೋಗಿಗಳನ್ನು ಇಟ್ಟುಕೊಂಡಿದ್ದ ಒಂದು ಆಶ್ರಯತಾಣಕ್ಕೆ ಬೆಂಕಿ ಬಿತ್ತು. ಸರಪಣಿ ಬಿಗಿದಿದ್ದ ಕಾರಣ ಓಡಲಾರದೆ 28 ಮಂದಿ ಸತ್ತರು. ಗೋಡೆಯ ಆಸ್ಪತ್ರೆ ಇಲ್ಲದಲ್ಲಿ ಸ್ವಾತಂತ್ರ್ಯವಿತ್ತೆಂದು ಭಾವಿಸುವವರಿಗೆ ಈ ಒಂದು ದಿನಾಂಕ ಸಾಕು.

ಮೈಸೂರು ಸೀಮೆಯ ಕಥೆ ಹೆಚ್ಚು ಪರಿಚಿತವಾದದ್ದು, ಬೇಗ ದಾಟಿಬಿಡುತ್ತೇನೆ. 1847ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಆಸ್ಪತ್ರೆ 1925ರಲ್ಲಿ 'ಮಾನಸಿಕ ಆಸ್ಪತ್ರೆ' ಎಂಬ ಗೌರವದ ಹೆಸರು ಪಡೆಯಿತು. ಮೂವತ್ತರ ದಶಕದಲ್ಲಿ ಊರ ಹೊರಗಿನ ವಿಶಾಲ ಆವರಣಕ್ಕೆ ಹೋಯಿತು. ಡಾ. ಎಂ. ವಿ. ಗೋವಿಂದಸ್ವಾಮಿಯವರಂಥ ವಿದ್ವಾಂಸರು ಅದನ್ನು ಬೆಳೆಸಿದರು. 1954ರಲ್ಲಿ ಅದರ ಮಗ್ಗುಲಲ್ಲೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. 1974ರ ಕೊನೆಯಲ್ಲಿ ಎರಡೂ ಒಂದಾಗಿ ನಿಮ್ಹಾನ್ಸ್ ಆಯಿತು. ಈ ನಡುವೆ, 1952ರ ಹೊತ್ತಿಗೆ, ಪ್ಯಾರಿಸ್ಸಿನಲ್ಲಿ ಕ್ಲೋರ್‌ಪ್ರೊಮಜಿನ್ ಎಂಬ ಮಾತ್ರೆಯ ಗುಣ ತಿಳಿದುಬಂದು, ಸರಪಣಿಯ ಕೆಲಸವನ್ನು ಮಾತ್ರೆ ಮಾಡಬಲ್ಲದೆಂದು ಜಗತ್ತು ಕಂಡಿತು. ರೋಗಿ ಮನೆಗೆ ಮರಳುವುದು ಸಾಧ್ಯವಾಯಿತು. ಅದೇ ದಶಕದಲ್ಲಿ ಅಮೃತಸರದ ಡಾ. ವಿದ್ಯಾಸಾಗರರು ಆಸ್ಪತ್ರೆಯ ಬಯಲಲ್ಲಿ ಡೇರೆ ಹೊಡೆಸಿ ರೋಗಿಯ ಜೊತೆಗೆ ಮನೆಮಂದಿಯನ್ನೂ ಇರಿಸಿಕೊಂಡರು. ಹಣವಿಲ್ಲದೆ, ಸಿಬ್ಬಂದಿಯಿಲ್ಲದೆ ಹುಟ್ಟಿದ ಉಪಾಯ ಅದು. ತಾಯಿಯೋ ತಮ್ಮನೋ ಜೊತೆಗಿದ್ದವನು ಬೇಗ ಚೇತರಿಸುತ್ತಾನೆಂಬುದು ಅಲ್ಲಿ ಕಣ್ಣಿಗೆ ಕಂಡಿತು.

ಮಾತ್ರೆಯಿಂದ ಮನೆಗೆ ಮರಳಿದವರ ಗತಿ ಏನಾಯಿತು? ಈ ಪ್ರಶ್ನೆಯನ್ನು ನಮ್ಮಲ್ಲಿ ವೈದ್ಯರಿಗಿಂತ ಸ್ಫುಟವಾಗಿ ಕೇಳಿದವರು ಒಬ್ಬ ಕಾದಂಬರಿಗಾರ್ತಿ. ಮನಶ್ಶಾಸ್ತ್ರವನ್ನು ಓದಿಕೊಂಡಿದ್ದ ತ್ರಿವೇಣಿಯವರ 'ಶರಪಂಜರ'ವನ್ನು ಓದದವರೂ 1971ರ ಪುಟ್ಟಣ್ಣ ಕಣಗಾಲರ ಚಿತ್ರವನ್ನು ನೋಡಿರುತ್ತಾರೆ. ಬಾಣಂತನದ ಬೆನ್ನಿಗೆ ಕಾವೇರಿಯ ಮನಸ್ಸು ಕದಡುತ್ತದೆ, ಆಸ್ಪತ್ರೆ ಸೇರುತ್ತಾಳೆ, ಗುಣ ಹೊಂದುತ್ತಾಳೆ. ಕಥೆ ಅಲ್ಲಿಗೆ ಮುಗಿದಿದ್ದರೆ ಅದು ಆಸ್ಪತ್ರೆಯ ವಿಜಯದ ಕಥೆಯಾಗುತ್ತಿತ್ತು. ತ್ರಿವೇಣಿಯವರಿಗೆ ಬೇಕಾಗಿದ್ದದ್ದು ಅದರ ಮುಂದಿನ ಭಾಗ. ಅವಳು ಗಟ್ಟಿಯಾಗಿ ನಕ್ಕರೆ ಅನುಮಾನ, ಸುಮ್ಮನಿದ್ದರೆ ಅನುಮಾನ, ಸಿಟ್ಟು ಬಂದರಂತೂ ನಿಶ್ಚಯ. ನೆರೆಯವರ ಕಣ್ಣು, ಗಂಡನ ನಡತೆ ಎರಡೂ ಸೇರಿ ಅವಳನ್ನು ಮತ್ತೆ ಅಲ್ಲಿಗೇ ನೂಕುತ್ತವೆ. ಇಂದು ವೈದ್ಯರು ಪುನರ್ವಸತಿ ಎಂದು ಕರೆಯುವ ವಿಷಯ ಇದಲ್ಲದೆ ಬೇರೆಯಲ್ಲ. ರೋಗ ಆಸ್ಪತ್ರೆಯಲ್ಲಿ ಗುಣವಾಗಬಹುದು. ರೋಗಿ ಗುಣವಾಗಬೇಕಾದದ್ದು ಅಡಿಗೆಮನೆಯಲ್ಲಿ, ಅಂಗಳದಲ್ಲಿ, ಬಾವಿಕಟ್ಟೆಯ ಬಳಿ. 'ಕೊರವಂಜಿ'ಯ ಸಂಪಾದಕರಾಗಿ ನಾಡನ್ನು ನಗಿಸಿದ ಡಾ. ಎಂ. ಶಿವರಾಂ ಅವರು ವೃತ್ತಿಯಲ್ಲಿ ವೈದ್ಯರು. ಅವರ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪುರಸ್ಕಾರ ಬಂತು. ಮನೋರೋಗದ ವಿಚಾರವಾಗಿ ಬರೆದ ಪುಸ್ತಕವನ್ನು ಸಾಹಿತ್ಯವೆಂದು ಮನ್ನಿಸಿದ ಭಾಷೆ ನಮ್ಮದು, ಸ್ವಲ್ಪ ಹೆಮ್ಮೆಪಟ್ಟುಕೊಳ್ಳಬಹುದು.

ಅದೇ 1976ರ ಸುಮಾರಿಗೆ ನಿಮ್ಹಾನ್ಸಿನ ವೈದ್ಯರು ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಒಂದು ಗ್ರಾಮೀಣ ಕೇಂದ್ರ ತೆರೆದು, ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೆ ಮನೋರೋಗದ ಲಕ್ಷಣಗಳನ್ನು ಗುರುತಿಸಲು ಕಲಿಸತೊಡಗಿದರು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಎಂಬತ್ತರ ದಶಕದ ನಡುವೆ ಇಡೀ ಬಳ್ಳಾರಿ ಜಿಲ್ಲೆಯನ್ನೇ ಪ್ರಯೋಗಕ್ಕೆ ತೆಗೆದುಕೊಂಡರು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯನೇ ಕೆಲವು ಮುಖ್ಯ ಔಷಧಿಗಳನ್ನು ಕೊಡಬೇಕು, ಮನೆಮನೆಗೆ ಹೋಗುವ ಕಾರ್ಯಕರ್ತೆಯೇ ರೋಗಿಯನ್ನು ವಿಚಾರಿಸಬೇಕು, ಕಠಿಣವಾದದ್ದನ್ನು ಮಾತ್ರ ಮೇಲಕ್ಕೆ ಕಳಿಸಬೇಕು. 'ಬಳ್ಳಾರಿ ಮಾದರಿ'ಯೆಂದು ಹೆಸರಾದ ಈ ಪ್ರಯೋಗದ ಆಧಾರದ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದ ಬೇರೆ ಕಡೆಗಳಲ್ಲಿ ಆರಂಭವಾಯಿತು. ಆದರೂ 2015-16ರಲ್ಲಿ ನಿಮ್ಹಾನ್ಸ್ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆ ಕಂಡುಕೊಂಡದ್ದು ಇದು: ತೀವ್ರ ಮನೋರೋಗ ಉಳ್ಳವರಲ್ಲಿಯೂ ನಾಲ್ವರಲ್ಲಿ ಸುಮಾರು ಮೂವರಿಗೆ ಚಿಕಿತ್ಸೆಯೇ ಇಲ್ಲ.

ಯಂತ್ರ ಬರುವುದು ಇಲ್ಲಿ. ಮನೋವೈದ್ಯರಿಗೂ ದೂರದರ್ಶನಕ್ಕೂ ನಂಟು ಬೆಳೆದದ್ದು ನಾವೆಣಿಸುವುದಕ್ಕಿಂತ ಬಹಳ ಹಿಂದೆ. ಅಮೆರಿಕದ ನೆಬ್ರಾಸ್ಕಾದಲ್ಲಿ ಡಾ. ಸೆಸಿಲ್ ವಿಟ್ಸನ್ 1959ರಲ್ಲೇ ಎರಡು ಕಡೆಯಿಂದಲೂ ಕಾಣುವ, ಕೇಳುವ ಟೆಲಿವಿಷನ್ನನ್ನು ಮನೋಚಿಕಿತ್ಸೆಗೆ ಬಳಸಿದರು. 1964ರಲ್ಲಿ 112 ಮೈಲಿ ದೂರದ ನಾರ್ಫೋಕ್ ಎಂಬ ಊರಿನ ಆಸ್ಪತ್ರೆಗೆ ಅದನ್ನು ಜೋಡಿಸಿದರು. 112 ಮೈಲಿಯೆಂದರೆ 180 ಕಿಲೋಮೀಟರು. ಕುಮಟೆಯಿಂದ ಧಾರವಾಡದ ದಾರಿ ಹೆಚ್ಚುಕಡಿಮೆ ಅಷ್ಟೇ. ಈ ಹೋಲಿಕೆ ಆಕಸ್ಮಿಕವಾದರೂ ನನ್ನ ಮನಸ್ಸಿನಿಂದ ಹೋಗಿಲ್ಲ. ನಮ್ಮ ರಾಜ್ಯದಲ್ಲಿ 2002ರಲ್ಲಿ ಇಸ್ರೋ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾಸ್ಪತ್ರೆಯನ್ನೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿತು. ಕವಿಗಳ ಕಣ್ಣಿಗೆ ಹೃದಯ, ಮನಸ್ಸು ಎರಡೂ ಒಂದೇ. ಸರ್ಕಾರದ ಕಣ್ಣಿಗೆ ಹೃದಯ ಮೊದಲು, ಮನಸ್ಸು ಆಮೇಲೆ.

ಮನಸ್ಸಿನ ಸರದಿಯನ್ನು ಮುಂದಕ್ಕೆ ತಂದವರಲ್ಲಿ ಚೆನ್ನೈನ ಸ್ಕಾರ್ಫ್ ಎಂಬ ಸಂಸ್ಥೆ ಪ್ರಮುಖವಾದದ್ದು. 1984ರಲ್ಲಿ ಅದನ್ನು ಕಟ್ಟಿದ ಡಾ. ಶಾರದಾ ಮೆನನ್ 1923ರಲ್ಲಿ ನಮ್ಮ ಮಂಗಳೂರಿನಲ್ಲಿ ಹುಟ್ಟಿದವರು, ಮನೋವೈದ್ಯದ ಶಿಕ್ಷಣವನ್ನು ಬೆಂಗಳೂರಿನಲ್ಲಿ ಪಡೆದವರು. 2010ರಲ್ಲಿ ಆ ಸಂಸ್ಥೆ ಪುದುಕ್ಕೋಟೈ ಜಿಲ್ಲೆಯ ಹಳ್ಳಿಗಳಿಗೆ ಒಂದು ಬಸ್ಸನ್ನು ಕಳಿಸಿತು. ಬಸ್ಸಿನೊಳಗೆ ಪರದೆ, ಪರದೆಯಲ್ಲಿ ಚೆನ್ನೈನ ವೈದ್ಯರು, ಬಸ್ಸಿನಲ್ಲೇ ಔಷಧಿ ಕೊಡುವ ವ್ಯವಸ್ಥೆ. ಇಲ್ಲೊಂದು ಸೋಜಿಗದ ಆತಂಕವಿತ್ತು. ಟೀವಿಯಲ್ಲಿ ತನ್ನ ವಿಷಯವನ್ನೇ ಆಡಿಕೊಳ್ಳುತ್ತಿದ್ದಾರೆಂದು ನಂಬುವುದು ಸ್ಕಿಜೋಫ್ರೀನಿಯಾ ರೋಗದ ಒಂದು ಲಕ್ಷಣ. ಅಂಥವನ ಮುಂದೆ ನಿಜವಾಗಿಯೂ ಅವನ ಹೆಸರು ಹಿಡಿದು ಕರೆಯುವ ಟೀವಿಯನ್ನು ಇಟ್ಟರೆ? ಬಹುಪಾಲು ರೋಗಿಗಳು ಹೆದರದೆ ಮಾತಾಡಿದರೆಂಬುದು ಅಲ್ಲಿನ ಅನುಭವ. ಆ ಬಸ್ಸಿನ ಜೊತೆಗೆ ಅದೇ ಸೀಮೆಯ ಕಾರ್ಯಕರ್ತರೂ ಇದ್ದರು ಎಂಬುದನ್ನು ಮಾತ್ರ ಬಿಟ್ಟು ಹೇಳಬಾರದು.

ಈಗ ಘಟ್ಟದ ಮೇಲೊಂದು ಕಡೆ ಹೋಗಿ ಬರೋಣ. ಹೊನ್ನಾವರದಲ್ಲಿ ಕಡಲು ಸೇರುವ ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಆ ತಾಲ್ಲೂಕಿನಲ್ಲಿ 2005ರಿಂದ ನಿಮ್ಹಾನ್ಸಿನವರು ಸ್ಥಳೀಯ ಆರೋಗ್ಯ ವ್ಯವಸ್ಥೆಯೊಡನೆ ಕೂಡಿ, ಸ್ಕಿಜೋಫ್ರೀನಿಯಾದಿಂದ ಬಳಲುವವರನ್ನು ಹಳ್ಳಿ ಹಳ್ಳಿಯಲ್ಲಿ ಹುಡುಕಿ ಚಿಕಿತ್ಸೆಗೆ ತರುವ ಕೆಲಸ ನಡೆಸಿದರು. ವೈದ್ಯರು ಬೆಂಗಳೂರಿನವರು, ಬಂದು ಹೋಗುವವರು. ಅಲ್ಲೇ ಉಳಿದು, ರೋಗಿ ಬಾರದಿದ್ದರೆ ಫೋನು ಮಾಡಿ, ಫೋನಿಗೆ ಸಿಗದಿದ್ದರೆ ಮನೆಗೇ ಹೋಗಿ ವಿಚಾರಿಸಿದವರು ಸಾಮಾಜಿಕ ಕಾರ್ಯಕರ್ತರು. ವರ್ಷಗಟ್ಟಲೆ ನಡೆದ ಈ ಕೆಲಸದಿಂದ ತಿಳಿದುಬಂದದ್ದು ಎರಡು. ಚಿಕಿತ್ಸೆಯನ್ನು ಬಿಡದೆ ಮುಂದುವರಿಸಿದವರ ಅಶಕ್ತತೆ, ಚಿಕಿತ್ಸೆ ಇಲ್ಲದವರಿಗಿಂತ ಸ್ಪಷ್ಟವಾಗಿ ಕಡಿಮೆಯಾಗುತ್ತದೆ. ಮತ್ತು ಅವರಲ್ಲಿ ಅನೇಕರು ಕೆಲಸ ಮಾಡುತ್ತಾರೆ. ತೋಟದಲ್ಲಿ, ಗದ್ದೆಯಲ್ಲಿ, ಮನೆಯಲ್ಲಿ. ಎರಡನೆಯದು ಪಟ್ಟಣದವರಾದ ನಮಗೆ ಹೊಸದು. ಕಾರಖಾನೆಯ ಗಂಟೆಗೂ ಕಚೇರಿಯ ಹಾಜರಿಗೂ ಒಗ್ಗದವನಿಗೆ ಹಳ್ಳಿಯ ಕೆಲಸದಲ್ಲಿ ಒಂದು ಎಡೆಯಿದೆ. ಇವತ್ತು ಅರ್ಧ ದಿನ ದುಡಿದು ನಾಳೆ ಮಲಗಿದರೆ ಯಾರೂ ಹೆಸರು ಹೊಡೆದುಹಾಕುವುದಿಲ್ಲ. ನಿಮ್ಹಾನ್ಸಿನ ಆವರಣದ ಪುನರ್ವಸತಿ ವಿಭಾಗದಲ್ಲಿ ಬೇಕರಿ, ಹೊಲಿಗೆ, ನೇಯ್ಗೆಗಳನ್ನು ಕಲಿಸುತ್ತಾರೆ, ಒಳ್ಳೆಯದೇ. ಆದರೆ ಬೇಕರಿ ಕಲಿತವನು ಗೋಕರ್ಣದ ಆಚೆಯ ಹಳ್ಳಿಗೆ ಮರಳಿದರೆ ಅವನ ಒಲೆ ಎಲ್ಲಿ?

2020ರ ಮಾರ್ಚ್ 25ರಂದು ದೇಶ ಬಾಗಿಲು ಹಾಕಿಕೊಂಡಿತು. ದೂರವೈದ್ಯದ ನಿಯಮಾವಳಿಯನ್ನು ಕೇಂದ್ರ ಸರ್ಕಾರ ಹೊರಡಿಸಿದ್ದೂ ಅದೇ ದಿನಾಂಕದಂದು. ವೈದ್ಯ ರೋಗಿಯನ್ನು ಮುಟ್ಟದೆ, ಪರದೆಯಲ್ಲಿ ಕಂಡು ಔಷಧಿ ಬರೆಯುವುದು ಅಂದಿನವರೆಗೆ ಕಾನೂನಿನ ಮಬ್ಬಿನಲ್ಲಿತ್ತು. ಅಂದು ಬೆಳಕಿಗೆ ಬಂತು. ದುರ್ಬಳಕೆಯ ಭಯವಿರುವ ಕೆಲವು ಔಷಧಿಗಳನ್ನು ಹೀಗೆ ಬರೆಯಕೂಡದೆಂಬ ಪಟ್ಟಿಯೂ ಜೊತೆಗಿತ್ತು. ಅದೇ ವರ್ಷ ನಿಮ್ಹಾನ್ಸ್ ಮನೋವೈದ್ಯರಿಗಾಗಿಯೇ ಒಂದು ಕೈಪಿಡಿ ಮಾಡಿತು. 2022ರ ಅಕ್ಟೋಬರ್ 10ರಂದು 'ಟೆಲಿ ಮಾನಸ್' ಆರಂಭವಾಯಿತು: 14416 ಎಂಬ ಸಂಖ್ಯೆಗೆ ಹಗಲಿರುಳು ಯಾವಾಗ ಬೇಕಾದರೂ, ಕಾಸಿಲ್ಲದೆ, ಕನ್ನಡದಲ್ಲಿ ಮಾತಾಡಬಹುದು. ಎರಡು ವರ್ಷದ ಮೇಲೆ ಮುಖ ಕಾಣುವ ಕರೆಯೂ ಸೇರಿತು. ಈ ಬಗೆಯ ದನಿಯೊಂದು ನಟ್ಟಿರುಳಲ್ಲಿ ಕೈಗೆ ಸಿಗುವುದು ಸಣ್ಣ ಸಂಗತಿಯಲ್ಲ. ನಾನು ಈಗ ಮಾತಾಡುತ್ತಿರುವ ರೇಡಿಯೋ ಕೂಡ ದೂರದ ದನಿಯೇ. ಆದರೆ ನಿಮ್ಮ ಮರುಮಾತು ನನಗೆ ಕೇಳಿಸದು. ಅಲ್ಲಿ ಕೇಳಿಸುತ್ತದೆ.

ಇಷ್ಟಾದರೂ ಅಘನಾಶಿನಿಯ ದಡದಲ್ಲಿ ನಿಂತವನಿಗೆ ಕೆಲವು ಸಂದೇಹಗಳು ಬಾರದೆ ಇರವು. ಮೊದಲನೆಯದು ಭಾಷೆಯದು. ಹೊಟ್ಟೆನೋವನ್ನು ಕೈಮುಟ್ಟಿ ತಿಳಿಯಬಹುದು. ಮನಸ್ಸಿನ ನೋವಿಗೆ ಮಾತೇ ನಾಡಿ. ಭಟ್ಕಳದ ಮುದುಕಿ ತನ್ನ ಭಯವನ್ನು ಹೇಳಿಕೊಳ್ಳುವುದು ನವಾಯತಿಯಲ್ಲಿ; ಕುಮಟೆಯ ಖಾರ್ವಿ ಕೊಂಕಣಿಯಲ್ಲಿ; ಹಾಲಕ್ಕಿಯವರ ಕನ್ನಡವೋ ಬೆಂಗಳೂರಿನ ಕನ್ನಡಕ್ಕೆ ದೂರದ ನೆಂಟ. ಪಕ್ಕದಲ್ಲಿ ಕುಳಿತು 'ಇವಳು ಹೇಳುವುದು ಇದು' ಎನ್ನುವವರಿಲ್ಲದೆ ಪರದೆಯಾಚೆಯ ಪಂಡಿತನಿಗೆ ಅರ್ಧ ಮಾತೇ ದೊರೆಯುತ್ತದೆ. ಎರಡನೆಯದು ಏಕಾಂತ. ಒಂದೇ ಕೋಣೆಯ ಮನೆಯಲ್ಲಿ, ಗಂಡನ ಕೈಯಲ್ಲಿರುವ ಫೋನಿನಲ್ಲಿ, ಅತ್ತೆ ಕೇಳುತ್ತಿರುವಾಗ ಸೊಸೆ ಏನು ಹೇಳಿಯಾಳು? ಕಾವೇರಿಯ ಕಥೆಯನ್ನು ಇಲ್ಲಿ ಇನ್ನೊಮ್ಮೆ ನೆನೆಯಬೇಕು. ಆಸ್ಪತ್ರೆಯ ಗೋಡೆಗೆ ಒಂದು ಗುಣವೂ ಇತ್ತು: ಅದರ ಒಳಗೆ ಮನೆಯವರ ಕಿವಿ ಇರಲಿಲ್ಲ. ಮೂರನೆಯದು, ಘಟ್ಟದ ಬುಡದ ಕಣಿವೆಗಳಲ್ಲಿ ಮಳೆಗಾಲಕ್ಕೆ ವಿದ್ಯುತ್ತೂ ಫೋನಿನ ಸಿಗ್ನಲ್ಲೂ ಜೊತೆಯಾಗಿಯೇ ಕೈಕೊಡುತ್ತವೆ. ಅದನ್ನು ಇಲ್ಲಿನವರಿಗೆ ವಿವರಿಸಬೇಕಾಗಿಲ್ಲ.

ಇವೆಲ್ಲಕ್ಕಿಂತ ದೊಡ್ಡ ಸಂದೇಹ, ಪರದೆ ಒಂದು ನೆಪವಾದೀತೆಂಬುದು. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಹೊತ್ತು ತೆಂಕಣದ ಆಸ್ಪತ್ರೆಗೆ ಧಾವಿಸುತ್ತಿದ್ದ ಆಂಬುಲೆನ್ಸು ಶಿರೂರಿನ ಟೋಲ್‌ಗೇಟಿನ ಬಳಿ ಮಗುಚಿ ಬಿದ್ದು ಸಾವುಗಳಾದಾಗ, ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕೆಂಬ ಹಳೆಯ ಕೂಗು ಮತ್ತೆ ಎದ್ದಿತು. ಅಂಥ ಕೂಗಿಗೆ 'ನಿಮಗೆ ಫೋನು ಇದೆಯಲ್ಲ' ಎಂಬುದು ಉತ್ತರವಾಗಬಾರದು. 2017ರ ಮಾನಸಿಕ ಆರೋಗ್ಯ ಕಾಯಿದೆ ರೋಗಿಗೆ ಸಮಾಜದ ನಡುವೆಯೇ ಬಾಳುವ ಹಕ್ಕನ್ನು ಕೊಟ್ಟಿದೆ. ಆ ಹಕ್ಕು ಕಾಗದದಿಂದ ಇಳಿಯಬೇಕಾದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಮಾತ್ರೆ ಮುಗಿಯದೆ ಇರಬೇಕು, ತಿಂಗಳಿಗೊಮ್ಮೆ ಚುಚ್ಚುವ ಇಂಜೆಕ್ಷನ್ನು ಹತ್ತಿರದ ಆರೋಗ್ಯ ಕೇಂದ್ರದಲ್ಲೇ ಸಿಗಬೇಕು, ಮಾಸಾಶನದ ಕಾಗದಕ್ಕೆ ಹತ್ತು ಸಲ ಅಲೆಯಬೇಕಾಗಿರಬಾರದು. ಇದರಲ್ಲಿ ಯಾವುದನ್ನೂ ಪರದೆ ತಾನಾಗಿ ಮಾಡಲಾರದು. ಅದು ಮಾಡಬಲ್ಲದ್ದು, ಈ ಕೆಲಸಗಳನ್ನು ಮಾಡುವ ಆಶಾ ಕಾರ್ಯಕರ್ತೆಗೂ ತಾಲ್ಲೂಕಿನ ವೈದ್ಯನಿಗೂ ಬೆನ್ನಹಿಂದೆ ಒಬ್ಬ ಬಲ್ಲವನನ್ನು ನಿಲ್ಲಿಸುವುದು. ನನಗೆ ತೋರುವ ಮಟ್ಟಿಗೆ, ಫೋನು ರೋಗಿಗಿಂತ ಮೊದಲು ತಲುಪಬೇಕಾದದ್ದು ಈ ಕಾರ್ಯಕರ್ತೆಯ ಕೈಗೆ.

ಅಘನಾಶಿನಿಯ ಅಳಿವೆಯಲ್ಲಿ ಇಳಿತದ ಹೊತ್ತಿಗೆ ನೂರಾರು ಜನ ಕೆಸರಿಗಿಳಿದು ಬಳಚು ಹೆಕ್ಕುತ್ತಾರೆ. ಸಾಣಿಕಟ್ಟೆಯಲ್ಲಿ ಉಪ್ಪಿನಾಗರಗಳಿವೆ; ಮಾಣಿಕಟ್ಟೆಯ ಗಜನಿಗಳಲ್ಲಿ ಉಪ್ಪುನೀರಿಗೆ ಹೆದರದ ಕಗ್ಗ ಭತ್ತ ಬೆಳೆಯುತ್ತದೆ. ಮೂರೂ ಹಲವರು ಕೂಡಿ ಮಾಡುವ ಕೆಲಸ. ಮೂರರಲ್ಲೂ ಒಬ್ಬ ನಿಧಾನಿಗೆ ಜಾಗವಿದೆ. ಬೆಂಗಳೂರಿನ ಕೊಠಡಿಯಲ್ಲಿ ಕುಳಿತ ವೈದ್ಯರು ಇಲ್ಲಿಯ ರೋಗಿಯೊಬ್ಬನಿಗೆ ಕೆಲಸದ ವಿಷಯ ಯೋಚಿಸುವಾಗ ಇವುಗಳ ಹೆಸರನ್ನು ಯಾರಾದರೂ ಅವರ ಕಿವಿಗೆ ಹಾಕಬೇಕು. ಇಳಿತದ ವೇಳೆ ದಿನದಿನಕ್ಕೂ ಮುಕ್ಕಾಲು ಗಂಟೆಯಷ್ಟು ಸರಿಯುತ್ತದೆಂಬುದನ್ನೂ ಹೇಳಬೇಕು. ಪ್ರತಿ ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಕರೆ ಮಾಡುತ್ತೇವೆಂದು ಅವರು ನಿಗದಿ ಮಾಡಿದರೆ, ಕೆಲವು ಮಂಗಳವಾರ ಆ ಮನೆಯಲ್ಲಿ ಫೋನು ಎತ್ತಲು ಯಾರೂ ಇರುವುದಿಲ್ಲ. ಅಮ್ಮ, ಮಗ ಇಬ್ಬರೂ ನೀರಿನಲ್ಲಿರುತ್ತಾರೆ.